ದುಬೈಯ ಫ್ಲ್ಯಾಟ್‌ಗೆ ವರ್ಷಕ್ಕೆಷ್ಟು?

ಗಲ್ಫ್ ಎಂದರೆ ದುಡಿಯುವ ಊರು, ಮನೆ ಕಟ್ಟಿಸುವುದೇನಿದ್ದರೂ ಭಟ್ಕಳ, ಉಡುಪಿ, ಮಂಗಳೂರಿನಲ್ಲಿ. ಇದು ನಮ್ಮ ಹಿರಿಯರ ಲೆಕ್ಕಾಚಾರವಾಗಿತ್ತು. 2002ರಲ್ಲಿ ದುಬೈ, ಗೊತ್ತುಪಡಿಸಿದ ಬಡಾವಣೆಗಳಲ್ಲಿ ವಿದೇಶೀಯರೂ ಮನೆ ಕೊಳ್ಳಬಹುದೆಂದು ಸಾರಿತು. 2006ರ ಕಾನೂನು ಅದಕ್ಕೆ ಗಟ್ಟಿ ತಳಪಾಯ ಹಾಕಿತು. ಈಗ ನಮ್ಮ ಅನೇಕ ಕುಟುಂಬಗಳಲ್ಲಿ, “ಬಾಡಿಗೆಗೆ ಸುರಿಯುವ ಹಣದಲ್ಲಿ ಸ್ವಂತದ್ದೇ ಆಗುತ್ತದಲ್ಲ, ಅಲ್ಲಿ ಮನೆಗೆ ತೆರಿಗೆಯೂ ಇಲ್ಲ” ಎಂಬ ಮಾತು ಫೋನಿನಲ್ಲಿ ಕೇಳಿಬರುತ್ತದೆ.

ತೆರಿಗೆ ಇಲ್ಲವೆನ್ನುವುದು ನಿಜ. ನಮ್ಮ ಪಂಚಾಯತಿಗೆ ಕಟ್ಟುವಂತಹ ವಾರ್ಷಿಕ ಮನೆ ತೆರಿಗೆ ದುಬೈಯಲ್ಲಿಲ್ಲ. ಕೊಳ್ಳುವಾಗ ಭೂ ಇಲಾಖೆಗೆ ಶೇ. 4 ನೋಂದಣಿ ಶುಲ್ಕ ಕಟ್ಟಿದರೆ ಅದು ಅಲ್ಲಿಗೆ ಮುಗಿಯಿತು. ಆದರೆ ಸರ್ವಿಸ್ ಚಾರ್ಜ್ ಎಂಬುದೊಂದಿದೆ. ಲಿಫ್ಟ್, ಕಾವಲು, ಶುಚಿತ್ವ, ಈಜುಕೊಳ, ಕಟ್ಟಡದ ವಿಮೆ, ಮುಂದಿನ ದೊಡ್ಡ ದುರಸ್ತಿಗಾಗಿ ಕೂಡಿಡುವ ನಿಧಿ, ಇವೆಲ್ಲ ಇದರಲ್ಲಿ ಸೇರಿವೆ. ಕೋಣೆಗಳ ಲೆಕ್ಕದಲ್ಲಲ್ಲ, ಚದರ ಅಡಿಯ ಲೆಕ್ಕದಲ್ಲಿ ವಸೂಲಾಗುತ್ತದೆ. 800 ಚದರ ಅಡಿಯ ಫ್ಲ್ಯಾಟ್‌ಗೆ ಅಡಿಗೆ 15 ದಿರ್ಹಮ್‌ ಎಂದಿಟ್ಟುಕೊಳ್ಳಿ, ವರ್ಷಕ್ಕೆ 12,000 ದಿರ್ಹಮ್‌. ದಿರ್ಹಮಿಗೆ 23 ರೂಪಾಯಿಯಂತೆ ಹಿಡಿದರೂ 2,76,000 ರೂಪಾಯಿ! ಇಷ್ಟರಲ್ಲಿ ಊರಿನ ಮನೆಗೆ ಎಷ್ಟು ವರ್ಷದ ತೆರಿಗೆ ಕಟ್ಟಬಹುದೆಂದು ನೀವೇ ಎಣಿಸಿ. ಸೌಕರ್ಯ ಹೆಚ್ಚಿದಷ್ಟೂ ದರ ಹೆಚ್ಚು. ಈಜುಕೊಳಕ್ಕೆ ನೀವು ಕಾಲಿಡದಿದ್ದರೂ ನಿಮ್ಮ ಪಾಲು ತಪ್ಪದು, ಮನೆಗೆ ಬೀಗ ಬಿದ್ದಿದ್ದರೂ ತಪ್ಪದು. ಬಾಕಿ ಉಳಿಸಿದರೆ ಮನೆ ಮಾರಲು ಒಪ್ಪಿಗೆ ಪತ್ರ ಸಿಗುವುದಿಲ್ಲ. ವಿಷಯ ಕೋರ್ಟಿಗೆ ಹೋದರೆ ಫ್ಲ್ಯಾಟನ್ನೇ ಹರಾಜು ಹಾಕಲು 2019ರ ಕಾನೂನಿನಲ್ಲಿ ಅವಕಾಶವಿದೆ.

ಇನ್ನು ತಂಪಿನ ಖರ್ಚು. ಅನೇಕ ಕಟ್ಟಡಗಳಿಗೆ ಹೊರಗಿನ ಕಂಪೆನಿಯೊಂದು ಕೊಳವೆಯಲ್ಲಿ ತಣ್ಣೀರು ಹರಿಸಿ ಎಸಿ ನಡೆಸುತ್ತದೆ. ಅಲ್ಲಿ ಬಳಸಿದ್ದಕ್ಕೊಂದು ಬಿಲ್ಲು, ಬಳಸಲಿ ಬಿಡಲಿ ಇನ್ನೊಂದು ನಿಗದಿತ ಶುಲ್ಕ. ನೀರು-ವಿದ್ಯುತ್ತಿನ ಬಿಲ್ಲಿನೊಳಗೆ ಹೌಸಿಂಗ್ ಫೀ ಕೂಡ ಬರುತ್ತದೆ. ಬಾಡಿಗೆದಾರರಿಗೆ ಅದು ವಾರ್ಷಿಕ ಬಾಡಿಗೆಯ ಶೇ. 5. ತಮ್ಮ ಮನೆಯಲ್ಲೇ ಇರುವ ವಿದೇಶಿ ಮಾಲಕರಿಗೂ ಈ ಶುಲ್ಕ ಇದ್ದೇ ಇದೆ.

ಉದ್ಯೋಗ ಇರುವವರೆಗೆ ಇದೆಲ್ಲ ಅಲ್ಲಿನ ಸಂಬಳದಿಂದಲೇ ಸಾಗೀತು. ಊರಿಗೆ ಮರಳಿದ ಮೇಲೆ ಲೆಕ್ಕ ಬೇರೆಯೇ. ಬಿಲ್ಲು ದಿರ್ಹಮಿನಲ್ಲಿ, ಆದಾಯ ರೂಪಾಯಿಯಲ್ಲಿ. 2005ರ ಸುಮಾರಿಗೆ ದಿರ್ಹಮಿಗೆ 12 ರೂಪಾಯಿಯ ಆಸುಪಾಸು ಇತ್ತೆಂಬುದನ್ನು ನೆನಪಿಡಿ. ಬಾಡಿಗೆಗೆ ಕೊಟ್ಟರೆ ಹಣ ಬರುತ್ತದೆ ನಿಜ, ಆದರೆ ಸರ್ವಿಸ್ ಚಾರ್ಜ್ ಮಾಲಕರ ತಲೆಗೇ. ನೋಡಿಕೊಳ್ಳುವವರ ಕಮಿಷನ್, ಎಸಿ ರಿಪೇರಿ, ಬಾಡಿಗೆದಾರರು ಬದಲಾಗುವಾಗ ಬಣ್ಣ, ನಡುವೆ ಖಾಲಿ ಬೀಳುವ ತಿಂಗಳುಗಳು. ಊರಿಗೆ ಮರಳಿದ ಮೊದಲ ಒಂದೆರಡು ವರ್ಷ ಹಲವರಿಗೆ ವಿನಾಯಿತಿ ಇದ್ದರೂ, ಆ ಬಳಿಕ ದುಬೈಯ ಬಾಡಿಗೆಗೆ ಭಾರತದಲ್ಲಿ ಆದಾಯ ತೆರಿಗೆ ಬೀಳುತ್ತದೆ. ಬಾಡಿಗೆಯ ಶೇ. 30ನ್ನು ಖರ್ಚೆಂದು ಕಳೆದು ಉಳಿದುದಕ್ಕೆ ತೆರಿಗೆ. ಮನೆ ಖಾಲಿಯಿದ್ದರೂ ರಿಟರ್ನ್‌ನಲ್ಲಿ ಅದನ್ನು ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಾನೂನಿನಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ವಿದೇಶಿ ಸೊತ್ತಿಗೆ ಈ ದಂಡದಿಂದ ರಿಯಾಯಿತಿ ಸಿಕ್ಕಿದೆ, ಆದರೆ ಮನೆ-ಜಮೀನಿಗೆ ಅದು ಅನ್ವಯಿಸದು.

ಝಕಾತಿನ ಬಗ್ಗೆಯೂ ಪ್ರಶ್ನೆಯೇಳುತ್ತದೆ. ವಾಸದ ಮನೆಗೆ ಝಕಾತ್ ಇಲ್ಲ. ಬಾಡಿಗೆಯ ಮನೆಯಾದರೆ ಕೈಯಲ್ಲುಳಿದ ಬಾಡಿಗೆ ಹಣಕ್ಕೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆದರೆ ಲಾಭಕ್ಕೆ ಮಾರಲೆಂದೇ ಕೊಂಡಿದ್ದರೆ ಅದು ವ್ಯಾಪಾರದ ಸರಕು. ಆಗ ಮಾರುಕಟ್ಟೆ ಬೆಲೆಯ ಶೇ. 2.5 ವರ್ಷ ವರ್ಷವೂ ಬರುತ್ತದೆ. ಕೊಳ್ಳುವಾಗಿನ ಉದ್ದೇಶವೇನೆಂದು ಪತಿಯನ್ನು ಕೇಳಿಕೊಂಡು ನಿಮ್ಮೂರಿನ ವಿದ್ವಾಂಸರಲ್ಲಿ ವಿಚಾರಿಸಿ.

ಕೊಳ್ಳಬೇಡಿ ಎನ್ನುತ್ತಿಲ್ಲ. ಒಳ್ಳೆಯ ಬಾಡಿಗೆ ತರುವ ಫ್ಲ್ಯಾಟ್‌ಗಳೂ ಇವೆ. ಆದರೆ ಬ್ರೋಕರ್ ತೋರಿಸುವ ಬಣ್ಣದ ಚಿತ್ರಗಳ ಜೊತೆಗೆ ಆ ಕಟ್ಟಡದ ಕಳೆದ ಎರಡು ಮೂರು ವರ್ಷಗಳ ಸರ್ವಿಸ್ ಚಾರ್ಜ್ ಬಿಲ್ಲನ್ನೂ ಕಳುಹಿಸಲು ಹೇಳಿ. ಕೊಂಡ ಮೇಲೆ ಇನ್ನೊಂದು ಕೆಲಸವಿದೆ. ಬಿಲ್ಲುಗಳು ಸಾಮಾನ್ಯವಾಗಿ ಪತಿಯ ಇ-ಮೇಲ್‌ಗೇ ಬರುವುದರಿಂದ ಅವರಿಗೇನಾದರೂ ಆದರೆ ಊರಿನಲ್ಲಿರುವ ಪತ್ನಿಗೆ ಬಾಕಿ ಬೆಳೆಯುತ್ತಿರುವುದೇ ತಿಳಿಯದು. ಹಕ್ಕುಪತ್ರದ ಪ್ರತಿ, ನೀರು-ವಿದ್ಯುತ್ ಖಾತೆಯ ಸಂಖ್ಯೆ, ಕಟ್ಟಡ ನಿರ್ವಹಿಸುವ ಕಂಪೆನಿಯ ವಿಳಾಸ, ಬಾಡಿಗೆ ಕರಾರು, ಇವಿಷ್ಟನ್ನು ಈ ರಜೆಯಲ್ಲಿ ಅವರು ಬಂದಾಗಲೇ ಕೇಳಿ ಪಡೆದು, ಊರಿನ ಮನೆಯ ಕಾಗದಪತ್ರಗಳ ಜೊತೆ ಕಪಾಟಿನಲ್ಲಿಡಿ.