ಮನೆಸಾಲ ಒಬ್ಬನ ಹೊರೆಯಾಗದಿರಲಿ

ಸಾಲದ ಮಾತು ಬಂದೊಡನೆ ನಮ್ಮವರ ದನಿ ತಗ್ಗುತ್ತದೆ. ಕೊಳೆರೋಗದಿಂದ ಎಷ್ಟು ಅಡಿಕೆ ಉದುರಿತು, ಹೂಮಳೆ ಎಷ್ಟು ತಡವಾಯಿತು, ಮೆಣಸಿನ ಬಳ್ಳಿ ಎಷ್ಟು ಸೊರಗಿತು ಎಂಬುದನ್ನು ಸಂಘದ ಜಗಲಿಯಲ್ಲಿ ಕುಳಿತು ಎಲ್ಲರೂ ಕೇಳುವಂತೆ ಹೇಳಿಕೊಳ್ಳುವ ಬೆಳೆಗಾರ, ಮನೆಯ ಮೇಲಿರುವ ಸಾಲ ಎಷ್ಟೆಂಬುದನ್ನು ಮಾತ್ರ ಹೆಂಡತಿಗೂ ಹೇಳುವುದಿಲ್ಲ. ತೋಟದ ನಷ್ಟ ಮಳೆಯಿಂದ ಬಂದದ್ದು, ಮನೆಯ ಸಾಲ ತನ್ನ ಕೈಯಿಂದ ಆದದ್ದು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯಿಂದ ಆಗುತ್ತಿರುವ ಹಾನಿಯ ಬಗ್ಗೆಯೂ ಅದನ್ನು ತಪ್ಪಿಸಲು ಅಕ್ಕಪಕ್ಕದ ಮನೆಗಳವರು ಮಾಡಬಹುದಾದ ಕೆಲಸದ ಬಗ್ಗೆಯೂ ಸದಸ್ಯ ಬಾಂಧವರಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಇಲ್ಲಿ ಹೇಳಹೊರಟಿರುವುದು ಬೆಳೆಸಾಲದ ವಿಷಯವಲ್ಲ. ಬೆಳೆಸಾಲಕ್ಕೆ ಪಹಣಿ ಇದೆ, ಅವಧಿ ಇದೆ, ಸಂಘದ ಪುಸ್ತಕದಲ್ಲಿ ಲೆಕ್ಕ ಇದೆ. ಅವಧಿಯೊಳಗೆ ತೀರಿಸಿದವನಿಗೆ ಸರ್ಕಾರದ ಬಡ್ಡಿ ರಿಯಾಯಿತಿಯೂ ಇದೆ. ಮನೆಸಾಲದ ರೀತಿಯೇ ಬೇರೆ. ಮಗಳ ಮದುವೆ, ತಾಯಿಯ ಆಸ್ಪತ್ರೆ ಖರ್ಚು, ಮಗನ ಕಾಲೇಜು ಫೀಸು, ಸೋರುವ ಮನೆಯ ರಿಪೇರಿ, ಇವುಗಳಲ್ಲಿ ಯಾವುದನ್ನೂ ದುಂದು ಎನ್ನುವಂತಿಲ್ಲ. ಆದರೆ ಒಂದು ಒಡವೆಯ ಗಿರವಿಯಾಗಿ, ಇನ್ನೊಂದು ಪರಿಚಯದವರ ಕೈಸಾಲವಾಗಿ, ಮತ್ತೊಂದು ಹೆಂಗಸರ ಸಂಘದ ಕಂತಾಗಿ, ಮಗದೊಂದು ಅಂಗಡಿಯ ಉದ್ದರಿಯಾಗಿ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಎಲ್ಲವನ್ನೂ ಕೂಡಿಸಿದರೆ ಎಷ್ಟಾಗುತ್ತದೆ ಎಂಬುದು ಮನೆಯ ಯಜಮಾನನಿಗೇ ಸರಿಯಾಗಿ ತಿಳಿದಿರುವುದಿಲ್ಲ. ತಿಳಿಯಲು ಧೈರ್ಯವೂ ಇರುವುದಿಲ್ಲ.

ಗುಟ್ಟಿಗೆ ತೆರುವ ಬಡ್ಡಿ

ಗುಟ್ಟಾಗಿ ಬೇಕಾದ ಹಣ ಯಾವಾಗಲೂ ದುಬಾರಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದಾಗ ಅದು ಸಣ್ಣ ಮಾತಿನಂತೆ ಕೇಳುತ್ತದೆ. ಒಂದು ಲಕ್ಷದ ಮೇಲೆ ಅದು ತಿಂಗಳಿಗೆ 3,000, ವರ್ಷಕ್ಕೆ 36,000 ರೂಪಾಯಿ. ಮೂರು ವರ್ಷ ತುಂಬುವ ಮೊದಲೇ ಕೊಟ್ಟ ಬಡ್ಡಿಯೇ ಒಂದು ಲಕ್ಷವನ್ನು ದಾಟುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಅದೇ ಲಕ್ಷ ವರ್ಷಕ್ಕೆ ಶೇಕಡಾ 10ರ ಬಡ್ಡಿಯ ಒಡವೆ ಸಾಲವಾಗಿದ್ದರೆ ವರ್ಷದ ಬಡ್ಡಿ 10,000. ಉಳಿಯುವ 26,000 ರೂಪಾಯಿ ಅಸಲಿಗೆ ಜಮಾ ಆಗಬಹುದಾಗಿತ್ತು. ಹೀಗಿದ್ದೂ ನಮ್ಮವರು ಕೈಸಾಲಕ್ಕೇ ಹೋಗುತ್ತಾರೆ. ಏಕೆಂದರೆ ಸಂಘಕ್ಕೋ ಬ್ಯಾಂಕಿಗೋ ಹೋದರೆ ನಾಲ್ಕು ಜನ ನೋಡುತ್ತಾರೆ, ಹೆಂಡತಿಯ ಒಡವೆ ಕೇಳಿದರೆ ಸಂಗತಿ ಹೊರಬೀಳುತ್ತದೆ.

ಎರಡನೆಯ ನಷ್ಟ ಇದಕ್ಕಿಂತ ದೊಡ್ಡದು. ಬಡ್ಡಿ ಕಟ್ಟಲಾಗದವನು ಫಸಲಿನ ಮೇಲೆ ಮುಂಗಡ ಪಡೆಯುತ್ತಾನೆ. ಕಾಫಿ ಕಣದಲ್ಲಿ ಒಣಗುವ ಮೊದಲೇ, ಅಡಿಕೆ ಮರದಲ್ಲಿರುವಾಗಲೇ ಮಾಲು ಇನ್ನೊಬ್ಬರದಾಗಿರುತ್ತದೆ. ಮುಂಗಡ ಕೊಟ್ಟವನು ಹೇಳಿದ್ದೇ ತೂಕ, ಹೇಳಿದ್ದೇ ದರ. ಸಂಘವಿದ್ದೂ ಸಂಘಕ್ಕೆ ಮಾಲು ತರಲಾಗದ ಸದಸ್ಯರು ಪ್ರತಿ ಊರಲ್ಲೂ ಇದ್ದಾರೆ. ಅವರಿಗೆ ಸಂಘದ ಮೇಲೆ ಅಭಿಮಾನವಿಲ್ಲವೆಂದು ದೂರುವ ಮುನ್ನ ಅವರ ಮನೆಸಾಲದ ಕಡೆ ನೋಡಬೇಕು.

ಮೂರನೆಯದು ನಮ್ಮ ಬೆಳೆಯ ಸ್ವಭಾವದಿಂದಲೇ ಬರುವ ತೊಡಕು. ಕಂತು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬರುತ್ತದೆ. ಫಸಲಿನ ಹಣ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಕಾಫಿಯ ಹಣ ಕಂತುಕಂತಾಗಿ ಕೈಸೇರುತ್ತಿತ್ತು. ತಡವಾಗುತ್ತದೆ ಎಂಬ ಅಸಮಾಧಾನ ಬೆಳೆಗಾರರಲ್ಲಿತ್ತು, ಆದರೆ ಹಣ ಒಂದೇ ಸಲ ಕರಗುತ್ತಿರಲಿಲ್ಲ. 1996ರಲ್ಲಿ ಎಲ್ಲ ಬೆಳೆಗಾರರಿಗೂ ಮುಕ್ತ ಮಾರಾಟದ ಅವಕಾಶ ಬಂದ ಮೇಲೆ ಸ್ವಾತಂತ್ರ್ಯದೊಡನೆ ಈ ಜವಾಬ್ದಾರಿಯೂ ನಮ್ಮ ಮೇಲೆ ಬಿದ್ದಿದೆ. ಮಾರಾಟದ ಹಣ ಬಂದ ದಿನವೇ ವರ್ಷದ ಕಂತುಗಳ ಮೊತ್ತವನ್ನು ತೆಗೆದು ಬೇರೆ ಖಾತೆಯಲ್ಲಿ ಇಡದವನು ಮಳೆಗಾಲ ಕಳೆಯುವುದರೊಳಗೆ ಮತ್ತೆ ಕೈಸಾಲದ ಬಾಗಿಲಿಗೆ ಹೋಗಬೇಕಾಗುತ್ತದೆ.

ಮೊದಲು ಮನೆಯೊಳಗೆ

ಆದ್ದರಿಂದ ಸಾಲ ತೀರಿಸುವ ಕೆಲಸ ಲೆಕ್ಕವನ್ನು ಬಯಲಿಗೆ ತರುವುದರಿಂದ ಆರಂಭವಾಗಬೇಕು, ಅದೂ ಮನೆಯೊಳಗೆ. ಒಂದು ನೋಟ್ ಪುಸ್ತಕದಲ್ಲಿ ಯಾರಿಂದ, ಎಷ್ಟು, ಯಾವ ಬಡ್ಡಿಗೆ, ಯಾವ ಅಡಮಾನದ ಮೇಲೆ, ಯಾವ ತಾರೀಕಿಗೆ ಎಂಬ ಐದು ಸಂಗತಿಗಳನ್ನು ಪ್ರತಿಯೊಂದು ಸಾಲಕ್ಕೂ ಬರೆಯಬೇಕು. ಗಂಡ ಮಾಡಿದ್ದು, ಹೆಂಡತಿ ಮಾಡಿದ್ದು ಎರಡೂ ಅದರಲ್ಲಿರಲಿ. ಹೆಂಗಸರಿಗೆ ಸಾಲದ ಲೆಕ್ಕ ತಿಳಿಯದು ಎನ್ನುವವರು ಸ್ವಸಹಾಯ ಗುಂಪುಗಳ ಚರಿತ್ರೆಯನ್ನು ನೋಡಬೇಕು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇಂದು ನಮ್ಮ ಹಳ್ಳಿಗಳಲ್ಲಿ ಇಂಥ ಗುಂಪುಗಳ ವಾರದ ಪುಸ್ತಕ ಬರೆಯುತ್ತಿರುವವರು ಬಹುಪಾಲು ಹೆಂಗಸರೇ.

ಪಟ್ಟಿ ಬರೆದ ರಾತ್ರಿ ಮನೆಯಲ್ಲಿ ಮಾತು ಬೆಳೆಯಬಹುದು. ಯಾರಿಂದ ಆಯಿತು ಎಂಬ ವಿಚಾರಣೆಯನ್ನು ಅಂದು ಕೈಬಿಡುವುದು ಲೇಸು. ಹೇಳಿಕೊಂಡವನಿಗೆ ಬೈಗುಳ ಸಿಕ್ಕರೆ ಮುಂದಿನ ಸಾಲವನ್ನು ಅವನು ಇನ್ನಷ್ಟು ಜೋಪಾನವಾಗಿ ಬಚ್ಚಿಡುತ್ತಾನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೂ ಲೆಕ್ಕ ತಿಳಿಸಬೇಕು. ಅವರಿಂದ ಹಣ ಕೇಳುವುದು ಬಿಡುವುದು ಬೇರೆ ಮಾತು. ಊರಿನ ಮನೆಯ ಸ್ಥಿತಿ ಗೊತ್ತಿದ್ದರೆ ಅವರೂ ಸಾಲದ ಮೇಲೆ ಕಾರು ಕೊಳ್ಳುವ ಮುಂಚೆ ಒಮ್ಮೆ ಯೋಚಿಸುತ್ತಾರೆ.

ಯಾವುದನ್ನು ಮೊದಲು ತೀರಿಸಬೇಕು? ಎಲ್ಲದರ ಕಂತನ್ನೂ ತಪ್ಪದಂತೆ ನೋಡಿಕೊಂಡು, ಕೈಯಲ್ಲಿ ಮಿಕ್ಕ ಹಣವನ್ನು ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕುವುದು ಸರಿಯಾದ ಕ್ರಮ. ನಮ್ಮಲ್ಲಿ ಇದು ತಿರುವುಮುರುವಾಗಿ ನಡೆಯುತ್ತದೆ. ಜೋರು ಮಾಡುವವನಿಗೆ ಮೊದಲು, ಮರ್ಯಾದೆಯಿಂದ ಕೇಳುವವನಿಗೆ ಕೊನೆಗೆ. ಬೆಳೆಸಾಲದ ಅವಧಿಯನ್ನಂತೂ ಮೀರಲೇಬಾರದು, ಮೀರಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಜಮೀನಿನ ಮೇಲಿನ ಸಾಲ ತೀರಿದ ಮೇಲೆ ಋಣಮುಕ್ತ ಪತ್ರ ಪಡೆದು, ಪಹಣಿಯ 11ನೇ ಕಾಲಮಿನಲ್ಲಿರುವ ಋಣಭಾರವನ್ನು ತೆಗೆಸುವುದನ್ನೂ ಮರೆಯಬಾರದು.

ನಂತರ ನೆರೆಹೊರೆಯಲ್ಲಿ

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪಟ್ಟಿ ಬರೆಯುವುದು ಒಂದು ಸಂಜೆಯ ಕೆಲಸ, ತೀರಿಸುವುದು ಮೂರು ನಾಲ್ಕು ಫಸಲಿನ ಕೆಲಸ. ಅಷ್ಟು ದಿನ ಒಂದು ಮನೆ ಒಂಟಿಯಾಗಿ ಬಿಗಿ ಹಿಡಿದು ನಿಲ್ಲುವುದು ಕಷ್ಟ. ಆದ್ದರಿಂದ ನಾಲ್ಕೈದು ಮನೆಗಳು ಸೇರಿ ಒಂದು ಕೂಟ ಮಾಡಿಕೊಳ್ಳಬೇಕು ಎಂಬುದು ನನ್ನ ಸಲಹೆ. ಇದು ಚೀಟಿಯಲ್ಲ, ಇಲ್ಲಿ ಯಾರೂ ಯಾರಿಗೂ ಹಣ ಕೊಡುವುದಿಲ್ಲ. ತಿಂಗಳಿಗೊಮ್ಮೆ ಗಂಡ ಹೆಂಡತಿ ಇಬ್ಬರೂ ಬಂದು ಕುಳಿತು, ಈ ತಿಂಗಳು ಎಷ್ಟು ಕಟ್ಟಿದೆವು, ಮುಂದಿನ ತಿಂಗಳು ಯಾವ ಕಂತು ಬರಲಿದೆ, ಎಲ್ಲಿ ತೊಡಕಿದೆ ಎಂದು ಹೇಳಿಕೊಂಡರೆ ಸಾಕು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು. ಈ ಒಂದು ನಿಯಮ ಮುರಿದರೆ ಕೂಟವೂ ಮುರಿಯಿತೆಂದೇ ತಿಳಿಯಬೇಕು.

ಹಣವಿಲ್ಲದೆ ಯಾವ ಸಹಾಯ ಎಂದು ಕೇಳಬಹುದು. ಮಲೆನಾಡಿನಲ್ಲಿ ಮುಯ್ಯಾಳಿನ ಪದ್ಧತಿ ಎಂಬುದೊಂದಿತ್ತು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಸಣ್ಣ ಹಿಡುವಳಿಯವನ ಕೈಯಿಂದ ನಗದು ಹೆಚ್ಚಾಗಿ ಹೋಗುವುದು ಕೂಲಿಗೆ. ಕಾಫಿ ಕೊಯ್ಲು, ಚಿಗುರು ತೆಗೆಯುವುದು, ಅಡಿಕೆ ಸುಲಿಯುವುದು ಇವುಗಳಲ್ಲಿ ನಾಲ್ಕು ಮನೆಯ ಜನ ಮುಯ್ಯಾಳಾಗಿ ದುಡಿದರೆ ಉಳಿಯುವ ಕೂಲಿ ನೇರವಾಗಿ ಸಾಲಕ್ಕೆ ಹೋಗುತ್ತದೆ. ಮಳೆಗಾಲದ ಮುನ್ನ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಸಿಂಪಡಿಸಬೇಕು. ಮೈಲುತುತ್ತ, ಸುಣ್ಣ ಒಟ್ಟಿಗೆ ತಂದು, ಒಂದೇ ಪಂಪಿನಿಂದ ಸರದಿಯಲ್ಲಿ ಐದೂ ತೋಟಕ್ಕೆ ಹೊಡೆಸಿದರೆ ಯಾರ ತೋಟವೂ ಹಣವಿಲ್ಲವೆಂದು ಔಷಧಿ ಕಾಣದೆ ಉಳಿಯುವುದಿಲ್ಲ. ಸಾಲಗಾರನ ತೋಟಕ್ಕೆ ಕೊಳೆ ಹತ್ತಿದರೆ ಪಕ್ಕದ ತೋಟಕ್ಕೂ ಕೇಡು ತಪ್ಪಿದ್ದಲ್ಲ.

ಇನ್ನೊಂದು ಸಹಾಯ ಖರ್ಚಿಗೆ ಸಂಬಂಧಿಸಿದ್ದು. ಮದುವೆ, ಗೃಹಪ್ರವೇಶಗಳಲ್ಲಿ ಒಬ್ಬನೇ ಕೈಬಿಗಿ ಹಿಡಿದರೆ ಜುಗ್ಗನೆನಿಸಿಕೊಳ್ಳುತ್ತಾನೆ. ಐದು ಮನೆಯವರೂ ಕೂಡಿ, ಇಂತಿಷ್ಟೇ ಊಟ, ಇಂತಿಷ್ಟೇ ಮುಯ್ಯಿ ಎಂದು ನಿಶ್ಚಯಿಸಿಕೊಂಡರೆ ಯಾರೊಬ್ಬರ ತಲೆಯೂ ತಗ್ಗುವುದಿಲ್ಲ. ಮೂರನೆಯದು ಜೊತೆಗೆ ಹೋಗುವುದು. ಸಾಲ ಕೊಟ್ಟವರಲ್ಲಿ ಸಮಯ ಕೇಳಲು ಒಬ್ಬನೇ ಹೋದವನ ಮಾತಿಗೆ ಇಲ್ಲದ ತೂಕ, ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಾಗ ಬರುತ್ತದೆ. ಮನೆಯ ಮುಂದೆ ನಿಂತು ಗದರಿಸುವ ವಸೂಲಿಗೆ ಹೆದರಬೇಕಾಗಿಲ್ಲ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ 2004ರಿಂದ ಇದೆ. ಕಿರುಸಾಲ, ಸಣ್ಣ ಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯುವ ಕಾನೂನು 2025ರಲ್ಲಿ ಬಂದಿದೆ. ಆದರೆ ಕಾನೂನು ಪುಸ್ತಕದಲ್ಲಿದ್ದು, ಠಾಣೆಗೆ ಜೊತೆಗೆ ಬರುವ ನೆರೆಯವನಿಲ್ಲದಿದ್ದರೆ ಬಡವನಿಗೆ ಪ್ರಯೋಜನವಿಲ್ಲ.

ಒಂದು ಎಚ್ಚರಿಕೆ. ಸಹಾಯವೆಂದರೆ ಜಾಮೀನು ಹಾಕುವುದೆಂದು ತಿಳಿಯಬಾರದು. ಲೆಕ್ಕ ನೋಡದೆ, ದಾಕ್ಷಿಣ್ಯಕ್ಕೆ ರುಜು ಹಾಕಿದ ಜಾಮೀನಿನಿಂದ ಒಂದು ಮನೆಯ ಸಾಲ ಎರಡು ಮನೆಯದಾಗುತ್ತದೆ, ಸ್ನೇಹವೂ ಕೆಡುತ್ತದೆ. ರುಜುವಿಗಿಂತ ಎರಡು ದಿನದ ಮುಯ್ಯಾಳು ದೊಡ್ಡ ಉಪಕಾರ.

ಎರಡು ಆಕ್ಷೇಪಣೆಗಳು

ಮನೆಯ ಸಾಲ ಹೊರಗೆ ತಿಳಿದರೆ ಮಾನ ಹೋಗುತ್ತದೆ, ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎನ್ನುವವರಿದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಹುಟ್ಟಿದ್ದು ನಮ್ಮಂಥವರ ನಡುವೆಯೇ. ಆದರೆ ಊರಿನಲ್ಲಿ ಗುಟ್ಟು ಎಷ್ಟು ದಿನ ಗುಟ್ಟಾಗಿರುತ್ತದೆ? ವಸೂಲಿಯವನ ಬೈಕು ಯಾರ ಮನೆಯ ತಿರುವಿನಲ್ಲಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸಾಲವಿದೆ, ಇಂತಿಷ್ಟು ತೀರಿದೆ, ಉಳಿದದ್ದು ಎರಡು ಫಸಲಿನಲ್ಲಿ ತೀರುತ್ತದೆ ಎಂದು ನೆಟ್ಟಗೆ ಹೇಳಬಲ್ಲವನ ಮಾನ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಿದ ನಾವು, ಮೀರಿ ಚಾಚಿದವರಿಗಾಗಿ ಏಕೆ ದುಡಿಯಬೇಕು ಎಂಬುದು ಇನ್ನೊಂದು ಆಕ್ಷೇಪಣೆ. ಪ್ರಶ್ನೆ ನ್ಯಾಯವಾದುದೇ. ಆದರೆ ಇಂದು ಸಾಲವಿಲ್ಲದವನ ಮನೆಗೂ ನಾಳೆ ಕಾಯಿಲೆ ಬರಬಹುದು, ತೋಟಕ್ಕೆ ಎಲೆಚುಕ್ಕಿಯೋ ಹಳದಿ ಎಲೆ ರೋಗವೋ ತಗಲಬಹುದು. ಮುಯ್ಯಾಳು ಎಂದರೆ ದಾನವಲ್ಲ, ಹಿಂದಿರುಗಿ ಬರುವ ದುಡಿಮೆ. ಮೇಲಾಗಿ, ಕುಡಿತಕ್ಕೋ ಇಸ್ಪೀಟಿಗೋ ಸಾಲ ಮಾಡುವವನನ್ನು ಕೂಟಕ್ಕೆ ಸೇರಿಸಿಕೊಳ್ಳುವ ಮುನ್ನ ಆ ಚಟ ಬಿಡುವ ಮಾತನ್ನು ಅವನಿಂದ ಪಡೆಯುವ ಹಕ್ಕು ಉಳಿದವರಿಗೆ ಇದ್ದೇ ಇದೆ.

ಸಂಘದ ಪಾಲು

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅದರ ಗುರಿ ರೈತನನ್ನು ಬಡ್ಡಿಯವನ ಹಿಡಿತದಿಂದ ಬಿಡಿಸುವುದಾಗಿತ್ತು. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು ದುಡಿದದ್ದೂ ಇಂಥ ಗುರಿಗಾಗಿಯೇ. ಅಡಿಕೆಯ ದರ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಹುಟ್ಟಿತು. ಒಬ್ಬೊಬ್ಬನೇ ಚೀಲ ಹೊತ್ತು ಹೋದಾಗ ಸಿಗದ ಬೆಲೆ ಒಟ್ಟಾಗಿ ನಿಂತಾಗ ಸಿಕ್ಕಿತು. ಮಾಲಿನ ವಿಷಯದಲ್ಲಿ ಕಲಿತ ಈ ಪಾಠವನ್ನು ಮನೆಯ ವಿಷಯಕ್ಕೆ ನಾವು ಇನ್ನೂ ತಂದಿಲ್ಲ.

ಸಂಘಗಳು ಮಾಡಬೇಕಾದದ್ದೂ ಇದೆ. ಬಾಕಿದಾರನೊಡನೆ ಕೌಂಟರಿನ ಮುಂದೆ ಹತ್ತು ಜನರ ಎದುರು ಮಾತಾಡುವ ಬದಲು ಒಳಗೆ ಕೂರಿಸಿ ಮಾತಾಡಬಹುದು. ಕಂತಿನ ತಾರೀಕನ್ನು ಕೊಯ್ಲಿನ ಕಾಲಕ್ಕೆ ಹೊಂದಿಸಬಹುದು. ಮಹಾಸಭೆಯಲ್ಲಿ ಬಾಕಿದಾರರ ಹೆಸರು ಓದಬೇಕು ಎಂದು ಕೆಲವರು ಒತ್ತಾಯಿಸುವುದುಂಟು. ಬೇಕೆಂದೇ ಕೊಡದವನಿಗೆ ಅದರಿಂದ ನಾಚಿಕೆಯಾಗುವುದಿಲ್ಲ. ಕೊಡಲಾಗದವನು ಮಾತ್ರ ಸಭೆಗೆ ಬರುವುದನ್ನೇ ಬಿಡುತ್ತಾನೆ. ಸಂಘಕ್ಕೆ ಬಾರದವನಿಂದ ಬಾಕಿಯೂ ಬಾರದು, ಮಾಲೂ ಬಾರದು.

ಬೆಲೆ ಬಂದ ವರ್ಷ

ಇನ್ನೊಂದು ಮಾತು ಹೇಳಲೇಬೇಕಾಗಿದೆ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಕಾಫಿ ದರ ಏರಿತು. 2001–02ರ ಹೊತ್ತಿಗೆ ಅದೇ ಕಾಫಿ ಕೊಯ್ಲಿನ ಕೂಲಿಗೂ ಸಾಲದಷ್ಟು ಇಳಿಯಿತು. 2024ರಲ್ಲೂ 2025ರ ಆರಂಭದಲ್ಲೂ ಹಿಂದೆ ಕಾಣದಂಥ ದರ ಕಂಡೆವು. ಏರಿದ್ದು ಇಳಿಯುವುದು ನಮ್ಮ ಬೆಳೆಯ ಜಾತಕದಲ್ಲೇ ಇದೆ. ಬೆಲೆ ಬಂದ ವರ್ಷ ಹೊಸ ಸಾಲಕ್ಕೆ ಹುರುಪು ಬರುತ್ತದೆ. ಸಾಲ ಕೊಡುವವರೂ ಮನೆಗೇ ಬರುತ್ತಾರೆ. ಹಳೆಯದನ್ನು ತೀರಿಸಲು ಅದಕ್ಕಿಂತ ಒಳ್ಳೆಯ ವರ್ಷ ಸಿಗದು ಎಂದು ಕೂಟದವರು ಒಬ್ಬರಿಗೊಬ್ಬರು ನೆನಪಿಸುತ್ತಿರಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು. ಸಾಲದ ಹೊರೆಯಿಂದ ಕೆಲವರು ಜೀವವನ್ನೇ ಕಳೆದುಕೊಂಡ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಮಾತು ಬಿಟ್ಟವನು, ಸಂಘದ ಕಡೆ ಬಾರದವನು, ತೋಟಕ್ಕೆ ಹೋಗಿ ಸುಮ್ಮನೆ ಕೂರುವವನು ನಿಮ್ಮ ನೆರೆಯಲ್ಲಿದ್ದರೆ ಇಂದೇ ಹೋಗಿ ಜೊತೆಗೆ ಕುಳಿತುಕೊಳ್ಳಿ. ಬುದ್ಧಿವಾದ ಬೇಡ, ಅವನು ಹೇಳುವುದನ್ನು ಕೇಳಿ. ಮನಸ್ಸಿಗೆ ತೀರಾ ಕಷ್ಟವಾದಾಗ 14416 ಸಂಖ್ಯೆಗೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯವರು ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ. ಇದಕ್ಕೆ ಖರ್ಚಿಲ್ಲ. ಸಾಲ ಯಾವ ಕಾಲಕ್ಕಾದರೂ ತೀರುತ್ತದೆ, ಮನೆಯ ಜೀವ ಹೋದರೆ ಮರಳಿ ಬಾರದು.

ಸದಸ್ಯ ಬಾಂಧವರು ಈ ಸಲಹೆಯನ್ನು ತಮ್ಮ ತಮ್ಮ ಮನೆಗಳಲ್ಲಿ ಚರ್ಚಿಸಬೇಕು. ಸರಿ ಕಂಡರೆ ಹತ್ತಿರದ ನಾಲ್ಕು ಮನೆಯವರನ್ನು ಕರೆದು, ಈ ಕೊಯ್ಲು ಮುಗಿಯುವುದರೊಳಗೆ ಒಂದು ಸಂಜೆ ಒಟ್ಟಿಗೆ ಕುಳಿತು ಆರಂಭಿಸಬೇಕು. ಕೊರತೆ ಕಂಡರೆ ಪತ್ರಿಕೆಗೆ ಬರೆದು ತಿಳಿಸಲಿ. ಇದಕ್ಕಿಂತ ಒಳ್ಳೆಯ ದಾರಿಯನ್ನು ಯಾರಾದರೂ ತೋರಿಸಿದರೆ ಅದರಲ್ಲಿ ನಡೆಯಲು ನಾವೆಲ್ಲ ಸಿದ್ಧರಿರೋಣ.