ಸಾರ್ವಜನಿಕ ಸಾರಿಗೆ: ಶಂಕುಸ್ಥಾಪನೆಯ ನಂತರದ ಹೊಣೆ

ಬೆಂಗಳೂರಿನ ಮೆಟ್ರೋ ರೈಲು ಯೋಜನೆಗೆ 2006ರ ಜೂನ್ ತಿಂಗಳಿನಲ್ಲಿ ಶಂಕುಸ್ಥಾಪನೆಯಾದಾಗ 33 ಕಿ.ಮೀ. ಮಾರ್ಗಕ್ಕೆ ಅಂದಾಜಿಸಲಾಗಿದ್ದ ವೆಚ್ಚ ರೂ. 6,395 ಕೋಟಿ. ಮೊದಲ ಹಂತವು 2017ರ ಜೂನ್‌ನಲ್ಲಿ ಪೂರ್ಣಗೊಳ್ಳುವ ವೇಳೆಗೆ ಮಾರ್ಗದ ಉದ್ದ 42.3 ಕಿ.ಮೀ.ಗೆ ಏರಿತ್ತು, ವೆಚ್ಚ ರೂ. 13,000 ಕೋಟಿಯನ್ನು ದಾಟಿತ್ತು. ಉದ್ದ ಹೆಚ್ಚಿದ್ದು ಕಾಲು ಭಾಗಕ್ಕಿಂತ ತುಸು ಅಧಿಕ. ವೆಚ್ಚ ಹೆಚ್ಚಿದ್ದು ಎರಡು ಪಟ್ಟಿಗೂ ಮಿಗಿಲು. ಬೆಲೆ ಏರಿಕೆ, ಭೂಸ್ವಾಧೀನ, ಮಾರ್ಗ ಬದಲಾವಣೆ ಎಂದು ಇದಕ್ಕೆ ಹಲವು ಕಾರಣಗಳನ್ನು ನೀಡಬಹುದು. ಆದರೆ ಇವೆಲ್ಲಕ್ಕೂ ವಿಳಂಬದ ನಂಟಿದೆ.

ಉಪನಗರ ರೈಲಿನ ಕಥೆ ಇನ್ನೂ ದೀರ್ಘವಾದದ್ದು. 1980ರ ದಶಕದಲ್ಲೇ ಕೇಳಿಬಂದ ಈ ಬೇಡಿಕೆಗೆ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ದೊರೆತದ್ದು 2020ರ ಅಕ್ಟೋಬರ್‌ನಲ್ಲಿ. 148 ಕಿ.ಮೀ. ಉದ್ದದ ಈ ಯೋಜನೆಯ ಅಂದಾಜು ವೆಚ್ಚ ರೂ. 15,767 ಕೋಟಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ನೆರವೇರಿದಾಗ 40 ತಿಂಗಳ ಗಡುವನ್ನು ಘೋಷಿಸಲಾಗಿತ್ತು. ಆ ಗಡುವು 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಒಂದು ರೈಲೂ ಓಡಲಿಲ್ಲ.

ಈ ವಿಳಂಬದ ಬಡ್ಡಿಯನ್ನು ತೆರುತ್ತಿರುವವರಲ್ಲಿ ಉದ್ಯಮ ವಲಯವೂ ಸೇರಿದೆ. ನೌಕರರು ದಾರಿಯಲ್ಲಿ ಕಳೆಯುವ ಗಂಟೆಗಳು, ಕಾರ್ಖಾನೆಗಳು ಸ್ವಂತ ಖರ್ಚಿನಲ್ಲಿ ಓಡಿಸುವ ಬಸ್ಸುಗಳು, ತಡವಾಗಿ ತಲುಪುವ ಸರಕು ಇವೆಲ್ಲ ನಮ್ಮ ಲೆಕ್ಕಪತ್ರಗಳಲ್ಲಿ ಬೇರೆ ಬೇರೆ ಶೀರ್ಷಿಕೆಗಳಡಿ ಅಡಗಿರುತ್ತವೆ. ಆದುದರಿಂದ ಸಾರ್ವಜನಿಕ ಸಾರಿಗೆಗೆ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ಸರ್ಕಾರಕ್ಕೇ ಬಿಟ್ಟು ಸುಮ್ಮನಿರುವುದು ನಮಗೆ ತರವಲ್ಲ.

ಆದ್ಯತೆಯ ಪ್ರಶ್ನೆ

ಹಣವೇ ಇಲ್ಲವೆಂಬ ವಾದವನ್ನು ಒಪ್ಪಲಾಗದು. 44.65 ಕಿ.ಮೀ. ಉದ್ದದ ಮೆಟ್ರೋ ಮೂರನೆಯ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಅನುಮೋದನೆ ದೊರೆತಾಗ ಅದರ ಅಂದಾಜು ರೂ. 15,611 ಕೋಟಿ ಇತ್ತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ, 17 ಕಿ.ಮೀ.ಗೂ ಕಡಿಮೆ ಉದ್ದದ ಸುರಂಗ ರಸ್ತೆಗೆ ಅಂದಾಜಿಸಿರುವ ವೆಚ್ಚವೇ ರೂ. 17,000 ಕೋಟಿಗೂ ಅಧಿಕ. ಸಂಚರಿಸಬೇಕಾದದ್ದು ಜನರು, ವಾಹನಗಳಲ್ಲ ಎಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳು. ನೀತಿ ಒಂದು ದಿಕ್ಕಿಗೆ, ಮುಂಗಡಪತ್ರ ಇನ್ನೊಂದು ದಿಕ್ಕಿಗೆ ಸಾಗಿದರೆ ಸಾಲ ನೀಡುವ ಸಂಸ್ಥೆಗಳಿಗೂ ಗುತ್ತಿಗೆದಾರರಿಗೂ ಸರ್ಕಾರದ ಸಂಕಲ್ಪದಲ್ಲಿ ವಿಶ್ವಾಸ ಮೂಡುವುದು ಕಷ್ಟ.

ಮಾರ್ಗ ನಿರ್ಮಿಸಿದ ಮಾತ್ರಕ್ಕೆ ಸೇವೆ ದೊರೆತಂತಾಗುವುದಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವು 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದಾಗ ಲಭ್ಯವಿದ್ದದ್ದು ಕೇವಲ ಮೂರು ರೈಲುಗಳು. ಎಲೆಕ್ಟ್ರಾನಿಕ್ ಸಿಟಿಯಂತಹ ಉದ್ಯೋಗ ಕೇಂದ್ರಕ್ಕೆ ಆರಂಭದಲ್ಲಿ ಸುಮಾರು 25 ನಿಮಿಷಕ್ಕೊಂದು ರೈಲು ಎಂಬ ಸ್ಥಿತಿ ಇತ್ತು. ಸಿವಿಲ್ ಕಾಮಗಾರಿಗೆ ಇರುವ ಉತ್ಸಾಹ ಬೋಗಿಗಳಿಗೂ, ನಿಲ್ದಾಣದಿಂದ ಕಾರ್ಖಾನೆಯ ಬಾಗಿಲಿನವರೆಗೆ ಸಾಗಿಸುವ ಬಸ್ಸುಗಳಿಗೂ ಇರಬೇಕು.

ಮೂರು ಮೂಲಗಳು

ಹಣಕಾಸಿಗೆ ಮೂರು ಮೂಲಗಳನ್ನು ಒಟ್ಟಾಗಿ ಪರಿಗಣಿಸಬೇಕು. ಮೊದಲನೆಯದು ಸರ್ಕಾರಗಳ ನೇರ ಅನುದಾನ. ಇದನ್ನು ವರ್ಷ ವರ್ಷವೂ ಹೊಸದಾಗಿ ಬೇಡುವ ಬದಲು ಯೋಜನೆಯ ಅವಧಿಗೆ ಅನುಗುಣವಾಗಿ ಐದು ಅಥವಾ ಹತ್ತು ವರ್ಷಗಳ ಬದ್ಧತೆಯಾಗಿ ಘೋಷಿಸಬೇಕು.

ಎರಡನೆಯದು ಪ್ರಯಾಣ ದರ. ಮೆಟ್ರೋ ದರವನ್ನು 2017ರ ನಂತರ ಪರಿಷ್ಕರಿಸದೆ, 2025ರ ಫೆಬ್ರವರಿಯಲ್ಲಿ ಗರಿಷ್ಠ ದರವನ್ನು ರೂ. 60ರಿಂದ ಒಮ್ಮೆಲೇ ರೂ. 90ಕ್ಕೆ ಏರಿಸಿದ್ದು ಸಹಜವಾಗಿಯೇ ಜನರ ಆಕ್ರೋಶಕ್ಕೆ ಕಾರಣವಾಯಿತು. ಸಣ್ಣ ಪ್ರಮಾಣದ, ಮುಂಚಿತವಾಗಿ ತಿಳಿದಿರುವ ವಾರ್ಷಿಕ ಪರಿಷ್ಕರಣೆ ಪ್ರಯಾಣಿಕರಿಗೂ ನಿಗಮಕ್ಕೂ ಹಿತ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಂತಹ ರಿಯಾಯಿತಿ ನೀಡುವುದು ಸರ್ಕಾರದ ಹಕ್ಕು; ಆದರೆ ಅದರ ಪೂರ್ಣ ಮೊತ್ತವನ್ನು ಸಕಾಲದಲ್ಲಿ ಬಸ್ ನಿಗಮಗಳಿಗೆ ತುಂಬಿಕೊಡುವುದು ಅದರ ಕರ್ತವ್ಯ.

ಮೂರನೆಯ ಮೂಲ, ಸಾರಿಗೆಯಿಂದ ಲಾಭ ಪಡೆಯುವವರ ಕೊಡುಗೆ. ಇದು ನಮಗೆ ನೇರವಾಗಿ ಸಂಬಂಧಿಸಿದ್ದು. ಮೆಟ್ರೋ ನಿಲ್ದಾಣದ ಸುತ್ತಮುತ್ತ ಭೂಮಿಯ ಬೆಲೆ, ಬಾಡಿಗೆ ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಏರಿಕೆಯ ಒಂದಂಶ ಯೋಜನೆಗೆ ಮರಳಬೇಕೆಂದು 2017ರ ಕೇಂದ್ರ ಮೆಟ್ರೋ ರೈಲು ನೀತಿಯೂ ಹೇಳುತ್ತದೆ. ಹಳದಿ ಮಾರ್ಗದ ನಿಲ್ದಾಣಗಳಿಗೆ ಇನ್ಫೋಸಿಸ್ ಪ್ರತಿಷ್ಠಾನ, ಬಯೋಕಾನ್‌ನಂತಹ ಸಂಸ್ಥೆಗಳು ನೆರವಾದದ್ದು ಶ್ಲಾಘನೀಯ. ಆದರೆ ಔದಾರ್ಯವನ್ನೇ ನಂಬಿ ನೂರಾರು ಕಿ.ಮೀ. ಜಾಲ ಕಟ್ಟಲಾಗದು.

ಫ್ರಾನ್ಸ್‌ನಲ್ಲಿ 1971ರಿಂದಲೂ ಉದ್ಯೋಗದಾತರು ವೇತನದ ಮೊತ್ತಕ್ಕೆ ಅನುಗುಣವಾಗಿ ಸಾರಿಗೆ ತೆರಿಗೆ ನೀಡುತ್ತಿದ್ದಾರೆ. ನಮ್ಮಲ್ಲಿ ವೃತ್ತಿ ತೆರಿಗೆಯ ಮೂಲಕ ಇದನ್ನು ಅನುಸರಿಸಲಾಗದು. ಸಂವಿಧಾನದ 276ನೆಯ ವಿಧಿ ಆ ತೆರಿಗೆಗೆ ವರ್ಷಕ್ಕೆ ರೂ. 2,500ರ ಮಿತಿ ವಿಧಿಸಿದೆ. ಲಂಡನ್ನಿನ ಮಾದರಿ ನಮಗೆ ಹೆಚ್ಚು ಹೊಂದುತ್ತದೆ. ಕ್ರಾಸ್‌ರೈಲ್ ಯೋಜನೆಗಾಗಿ 2010ರ ಏಪ್ರಿಲ್‌ನಿಂದ ಅಲ್ಲಿನ ವಾಣಿಜ್ಯ ಕಟ್ಟಡಗಳ ಮೇಲೆ, ತೆರಿಗೆ ಮೌಲ್ಯದ ಪ್ರತಿ ಪೌಂಡಿಗೆ ಎರಡು ಪೆನ್ಸ್‌ನಂತೆ ಹೆಚ್ಚುವರಿ ತೆರಿಗೆ ಹಾಕಲಾಯಿತು. ಆರಂಭದಲ್ಲಿ 55,000 ಪೌಂಡಿಗಿಂತ ಹೆಚ್ಚಿನ ಮೌಲ್ಯದ ಕಟ್ಟಡಗಳಿಗೆ ಮಾತ್ರ ಇದು ಅನ್ವಯವಾದುದರಿಂದ ಸಣ್ಣ ವರ್ತಕರು ಪಾರಾದರು. ನಿಶ್ಚಿತವಾದ ಈ ಆದಾಯದ ಬಲದ ಮೇಲೆ ನಗರಾಡಳಿತ ಸಾಲ ಎತ್ತಿತು. ಆ ಯೋಜನೆಯೂ ತಡವಾಯಿತು, ವೆಚ್ಚವೂ ಏರಿತು ಎಂಬುದು ನಿಜ. ಆದರೆ ಕೊಟ್ಟ ಹಣ ಬೇರೆಡೆಗೆ ಹರಿಯದೆ 2022ರ ಮೇ ತಿಂಗಳಿನಲ್ಲಿ ರೈಲು ಓಡಿತು.

ಉದ್ಯಮ ವಲಯದ ನಿಲುವು

ಹೊಸ ತೆರಿಗೆ ಎಂದೊಡನೆ ವಿರೋಧಿಸುವುದು ವಾಣಿಜ್ಯ ಸಂಸ್ಥೆಗಳ ರೂಢಿ. ಈ ವಿಷಯದಲ್ಲಿ ಆ ರೂಢಿಯನ್ನು ಮೀರುವುದು ಉಚಿತ. ದೊಡ್ಡ ವಾಣಿಜ್ಯ ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ ಮಿತವಾದ ಸಾರಿಗೆ ಅಧಿಭಾರವನ್ನು ಒಪ್ಪಿಕೊಳ್ಳೋಣ. ಜೊತೆಗೆ ನಾಲ್ಕು ಷರತ್ತುಗಳನ್ನೂ ಮುಂದಿಡೋಣ. ಸಂಗ್ರಹವಾದ ಹಣ ಶಾಸನಬದ್ಧವಾದ ಪ್ರತ್ಯೇಕ ನಿಧಿಗೆ ಸೇರಬೇಕು. ನಿಧಿಯ ಲೆಕ್ಕ ಪ್ರತಿ ವರ್ಷ ಪ್ರಕಟವಾಗಬೇಕು. ಅಧಿಭಾರಕ್ಕೆ ಕೊನೆಯ ದಿನಾಂಕ ನಿಗದಿಯಾಗಿರಬೇಕು. ನಿಧಿಯ ಒಂದು ಪಾಲು ಕಡ್ಡಾಯವಾಗಿ ಬಸ್ಸುಗಳಿಗೆ ಮೀಸಲಾಗಬೇಕು.

ಇಂತಹ ನಿಧಿಗೆ ಸೂಕ್ತ ನೆಲೆ, 2022ರ ಕಾಯ್ದೆಯ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ. ಮೆಟ್ರೋ, ಬಸ್ಸು, ಉಪನಗರ ರೈಲುಗಳನ್ನು ಒಂದೇ ಯೋಜನೆಯಡಿ ತರುವುದು ಅದರ ಉದ್ದೇಶ. ಅದಕ್ಕೆ ಪೂರ್ಣಾವಧಿಯ ಅಧಿಕಾರಿಗಳನ್ನೂ ಹಣದ ಮೇಲಿನ ಅಧಿಕಾರವನ್ನೂ ನೀಡಿದರೆ ಮಾತ್ರ ಆ ಉದ್ದೇಶ ಸಾರ್ಥಕವಾದೀತು. ಸರ್ಕಾರಗಳು ಬದಲಾಗುವುದು ಪ್ರಜಾಪ್ರಭುತ್ವದಲ್ಲಿ ಸಹಜ. ಆದರೆ ಹದಿನೈದು ವರ್ಷಗಳ ಯೋಜನೆಯೊಂದು ಐದು ವರ್ಷಗಳ ಅಧಿಕಾರಾವಧಿಗೆ ಅಡವಿರಬಾರದು. ರಾಜ್ಯದ ಎಲ್ಲ ಪಕ್ಷಗಳೂ ಒಪ್ಪುವ ಶಾಸನವೇ ಇದಕ್ಕೆ ಭದ್ರತೆ.

ಮೈಸೂರು, ಮಂಗಳೂರು, ಬೆಳಗಾವಿಗಳು ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಬೆಂಗಳೂರು ಕಲಿತ ದುಬಾರಿ ಪಾಠವನ್ನು ಆ ನಗರಗಳೂ ಮತ್ತೆ ಹಣ ತೆತ್ತು ಕಲಿಯಬೇಕಾಗಿಲ್ಲ. ಮುಂದಿನ ಮುಂಗಡಪತ್ರಕ್ಕೆ ಮುನ್ನ ಸರ್ಕಾರವು ಉದ್ಯಮ ಪ್ರತಿನಿಧಿಗಳನ್ನು ಕರೆದು ಚರ್ಚಿಸಲಿ. ನಮ್ಮ ಸದಸ್ಯರೂ ಬೇಡಿಕೆಗಳ ಪಟ್ಟಿಯೊಂದಿಗೆ ತಮ್ಮ ಪಾಲಿನ ಲೆಕ್ಕವನ್ನೂ ಹಿಡಿದು ಆ ಸಭೆಗೆ ಹೋಗುವುದು ಅಗತ್ಯ.