ಯಾತ್ರೆಯೂ ಗಂಟುಮೂಟೆಯೂ

ಬೇಸಗೆಯ ರಜೆ ಬಂದಿತೆಂದರೆ ಕೃಷ್ಣರಾಜನಗರದ ರೈಲು ನಿಲ್ದಾಣದಲ್ಲಿ ಜನರಿಗಿಂತ ಪೆಟ್ಟಿಗೆಗಳೇ ಹೆಚ್ಚಾಗಿ ತೋರುತ್ತವೆ. ಎರಡನೆಯ ದರ್ಜೆಯ ಪ್ರಯಾಣಿಕನು 35 ಕಿಲೋಗ್ರಾಂ ಸಾಮಾನನ್ನು ಶುಲ್ಕವಿಲ್ಲದೆ ಒಯ್ಯಬಹುದೆಂಬುದು ರೈಲ್ವೆಯ ನಿಯಮ. ಒಯ್ಯಬಹುದೆಂದ ಮಾತ್ರಕ್ಕೆ ಒಯ್ಯಲೇಬೇಕೆಂದು ಗೃಹಸ್ಥರು ತಿಳಿದಂತಿದೆ!

ಇಂತಹ ಕುಟುಂಬವೊಂದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ ಬಸ್ಸಿಳಿದರೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಗೆ ಮೂರು ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳು. ಅರ್ಧ ದಾರಿ ಸಾಗುವಷ್ಟರಲ್ಲಿ ಯಜಮಾನನ ಕೈಚೀಲ ಮಡದಿಯ ಹೆಗಲೇರಿರುತ್ತದೆ. ಕೊನೆಗೆ ಆಕೆ ಗಂಟುಗಳ ಕಾವಲಿಗೆಂದು ಅಲ್ಲಿಯೇ ಕುಳಿತುಬಿಡುತ್ತಾಳೆ. ಉಳಿದವರು ದರ್ಶನ ಮಾಡಿ ಬರುತ್ತಾರೆ. ಅಷ್ಟನ್ನೂ ಕಟ್ಟಿದವಳು ಅವಳೇ ಅಲ್ಲವೇ ಎಂಬ ಆಕ್ಷೇಪವುಂಟು. ದಿಟ, ಆದರೆ ಒಂದು ಟವಲು ಮರೆತರೂ ಬೈಗುಳವು ಅವಳಿಗೇ ಸಲ್ಲುವುದರಿಂದ ಅವಳು ಎಲ್ಲವನ್ನೂ ತುಂಬುತ್ತಾಳೆ.

ಚುಂಚನಕಟ್ಟೆಯ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರಿಗೆ ಹಾಸಿಗೆಯೂ ಹೊದಿಕೆಯೂ ಒಂದೇ ಕಂಬಳಿ. ಬುತ್ತಿಯಲ್ಲಿ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ. ಈಗಿನವರು ಅಷ್ಟಕ್ಕೆ ಇಳಿಯಬೇಕಿಲ್ಲ. ಹೊರಡುವ ಹಿಂದಿನ ದಿನ ಒಬ್ಬೊಬ್ಬರೂ ತಮ್ಮ ಚೀಲವನ್ನು ತಾವೇ ಕಟ್ಟಿ, ತಾವೇ ಹೊತ್ತು, ಮನೆಯನ್ನು ಮೂರು ಸುತ್ತು ಬರಲಿ. ಮೂರನೆಯ ಸುತ್ತು ಮುಗಿಯುವ ಮೊದಲೇ ಯಜಮಾನನ ಚೀಲದಿಂದ ಎಷ್ಟೋ ವಸ್ತುಗಳು ಹೊರಬಿದ್ದಾವು. ಮಡದಿಗೂ ಬೆಟ್ಟದ ತುದಿ ಕಂಡೀತು.